‘ವಯಸ್ಸಾಯ್ತಲ್ಲ’ ಎನ್ನುವ ಮುಂಚೆ: ವೃದ್ಧಾಶ್ರಮದಲ್ಲಿ ಆರೋಗ್ಯದ ಏರುಪೇರನ್ನು ಬೇಗ ಗುರುತಿಸುವ ಬಗೆ

ವಯಸ್ಸಾದವರಲ್ಲಿ ಕಾಯಿಲೆ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ನ್ಯುಮೋನಿಯಾ ಆದ ಎಂಬತ್ತೈದರ ಅಜ್ಜಿಗೆ ಕೆಮ್ಮೂ ಇರಲಿಕ್ಕಿಲ್ಲ, ಜ್ವರವೂ ಇರಲಿಕ್ಕಿಲ್ಲ. ಎರಡು ದಿನದಿಂದ ಊಟ ಅರ್ಧಕ್ಕೆ ಬಿಡುತ್ತಿರುತ್ತಾರೆ, ಅಷ್ಟೆ. ಸಕ್ಕರೆ ಕಾಯಿಲೆ ಇರುವ ತಾತನಿಗೆ ಹೃದಯಾಘಾತವಾದರೂ ಎದೆ ನೋಯದೆ ಬರೀ ಬೆವರು, ಸುಸ್ತು, ಏದುಸಿರು ಕಾಣಿಸಬಹುದು. ಮೂತ್ರ ಕಟ್ಟಿಕೊಂಡವರು ಹೊಟ್ಟೆನೋವು ಎನ್ನುವ ಬದಲು ರಾತ್ರಿಯಿಡೀ ಎದ್ದು ಓಡಾಡಬಹುದು.

ಇಂಥ ಬದಲಾವಣೆ ಮೊದಲು ಕಣ್ಣಿಗೆ ಬೀಳುವುದು ವಾರಕ್ಕೊಮ್ಮೆ ಬರುವ ಡಾಕ್ಟರಿಗಲ್ಲ. ಸ್ನಾನ ಮಾಡಿಸುವ ಆಯಾಗೆ, ತಟ್ಟೆ ಎತ್ತುವ ಅಡುಗೆಯವರಿಗೆ, ಕೋಣೆ ಗುಡಿಸುವವರಿಗೆ. ‘ಯಾಕೋ ಇವತ್ತು ಅಜ್ಜಿ ಒಂಥರಾ ಇದಾರೆ’ ಎಂಬ ಅವರ ಮಾತಿಗೆ ‘ವಯಸ್ಸಾಯ್ತಲ್ಲ’ ಎಂಬ ಉತ್ತರ ಸಿಕ್ಕಿದರೆ ಅಲ್ಲಿಗೆ ಎರಡು ಮೂರು ದಿನ ಕಳೆದುಹೋಗುತ್ತವೆ. ಒಂದು ಸರಳ ನಿಯಮ ಇಟ್ಟುಕೊಳ್ಳಿ: ವಯಸ್ಸು ಮನುಷ್ಯನನ್ನು ತಿಂಗಳು, ವರ್ಷಗಳ ಲೆಕ್ಕದಲ್ಲಿ ಬದಲಿಸುತ್ತದೆ. ಗಂಟೆಗಳಲ್ಲಿ ಅಥವಾ ನಾಲ್ಕಾರು ದಿನಗಳಲ್ಲಿ ಆದ ಬದಲಾವಣೆಗೆ ವಯಸ್ಸು ಕಾರಣವಲ್ಲ, ಬೇರೆ ಕಾರಣ ಹುಡುಕಬೇಕು.

ಮೊದಲ ಹೆಜ್ಜೆ: ಅವರವರ ಮಾಮೂಲು ಬರೆದಿಡಿ

ಏನು ಬದಲಾಯಿತು ಎಂದು ತಿಳಿಯಬೇಕಾದರೆ ಮೊದಲು ಹೇಗಿತ್ತು ಎಂಬುದು ಗೊತ್ತಿರಬೇಕು. ಹೊಸಬರು ಬಂದು ಸೇರಿದ ಮೊದಲ ವಾರದಲ್ಲೇ ಪ್ರತಿಯೊಬ್ಬರಿಗೂ ಒಂದು ಹಾಳೆ ಮಾಡಿ, ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿ. ಕಚೇರಿಯ ಕಡತದಲ್ಲಿಟ್ಟರೆ ರಾತ್ರಿ ಪಾಳಿಯವರ ಕೈಗೆ ಅದು ಸಿಗುವುದಿಲ್ಲ.

ಹಾಳೆಯಲ್ಲಿ ರೋಗಗಳ ಪಟ್ಟಿಗಿಂತ ದಿನಚರಿಯೇ ಹೆಚ್ಚಿರಲಿ. ಹಾಸಿಗೆಯಿಂದ ಊಟದ ಹಾಲ್‌ವರೆಗೆ ಕೋಲು ಹಿಡಿದು ನಡೆಯುತ್ತಾರೋ, ಯಾರದ್ದಾದರೂ ಕೈ ಬೇಕೋ. ಮಧ್ಯಾಹ್ನ ಒಂದು ಮುದ್ದೆ ಪೂರ್ತಿ ತಿನ್ನುತ್ತಾರೋ, ಅರ್ಧವೋ. ರಾತ್ರಿ ಎಷ್ಟು ಸಲ ಬಾತ್‌ರೂಮಿಗೆ ಏಳುತ್ತಾರೆ. ಮಲವಿಸರ್ಜನೆ ದಿನಾ ಆಗುತ್ತದೋ, ದಿನ ಬಿಟ್ಟು ದಿನವೋ. ಎಷ್ಟು ಮಾತಾಡುತ್ತಾರೆ, ಯಾರ ಜೊತೆ. ಬೆಳಿಗ್ಗೆ ಎದ್ದ ಕೂಡಲೇ ಏನು ಮಾಡುತ್ತಾರೆ: ಪೇಪರ್ ಹುಡುಕುವುದೋ, ಜಪವೋ, ಅಂಗಳದಲ್ಲಿ ಎರಡು ಸುತ್ತೋ. ಈ ಕೊನೆಯ ಸಾಲನ್ನು ಅನೇಕರು ಬಿಟ್ಟುಬಿಡುತ್ತಾರೆ. ಆದರೆ ಅತಿ ಸೂಕ್ಷ್ಮವಾದ ಅಳತೆಗೋಲು ಇದೇ. ಎಷ್ಟೋ ವರ್ಷದಿಂದ ಕಾಫಿಗೆ ಮುಂಚೆ ಪೇಪರ್ ಕೇಳುವ ಮೇಷ್ಟ್ರು ಇವತ್ತು ಕೇಳಲಿಲ್ಲ ಎಂಬುದು ಥರ್ಮಾಮೀಟರ್ ಏರುವ ಮೊದಲೇ ಸಿಗುವ ಸುದ್ದಿ.

ಅಂಕಿಗಳೂ ಬೇಕು. ಬೇರೆ ಬೇರೆ ಮೂರು ದಿನ ಬೆಳಿಗ್ಗೆ ತೆಗೆದ ಉಷ್ಣತೆ, ನಾಡಿ, ಉಸಿರಾಟದ ಎಣಿಕೆ, ಆಕ್ಸಿಜನ್ ಮಟ್ಟ, ಕೂತಾಗಿನ ಮತ್ತು ನಿಂತಾಗಿನ ಬಿಪಿ, ತೂಕ ಬರೆಯಿರಿ. ಕನ್ನಡಕ, ಶ್ರವಣಯಂತ್ರ, ಹಲ್ಲುಸೆಟ್ಟು ಇದೆಯೇ ಎಂಬುದನ್ನೂ ಸೇರಿಸಿ. ಔಷಧಿಗಳಲ್ಲಿ ಕಷಾಯ, ಲೇಹ್ಯ, ಮೆಡಿಕಲ್ ಸ್ಟೋರಿನಿಂದ ತಾವೇ ತರಿಸಿಕೊಳ್ಳುವ ಮಾತ್ರೆ ಎಲ್ಲವೂ ಬರಲಿ.

ಇನ್ನೊಂದು ಸಾಲು, ಮಾತೃಭಾಷೆ. ಮರೆವಿನ ಕಾಯಿಲೆ ಬೆಳೆದಂತೆ ನಂತರ ಕಲಿತ ಭಾಷೆ ಮೊದಲು ಸೋರಿಹೋಗುವುದುಂಟು. ತುಳು ಅಥವಾ ಕೊಂಕಣಿ ಮನೆಮಾತಿನ ಅಜ್ಜಿ ಕನ್ನಡದ ಪ್ರಶ್ನೆಗೆ ಸುಮ್ಮನಿದ್ದರೆ ಅದು ಮಂಪರು ಎಂದೇ ಅಲ್ಲ. ಬೆಂಗಳೂರಿನ ಆಶ್ರಮಗಳಲ್ಲಿ ಒಡಿಶಾ, ಈಶಾನ್ಯ ರಾಜ್ಯಗಳಿಂದ ಬಂದ ಸಿಬ್ಬಂದಿಯೂ ಇರುವುದರಿಂದ ಈ ತೊಡಕು ಎರಡು ಪಟ್ಟು. ನೋವು, ನೀರು, ಬಾತ್‌ರೂಮು, ಚಳಿ, ಹಸಿವು, ಭಯ ಈ ಆರು ಪದಗಳನ್ನು ಆ ಹಿರಿಯರ ಭಾಷೆಯಲ್ಲಿ, ಸಿಬ್ಬಂದಿಗೆ ಓದಲು ಬರುವ ಲಿಪಿಯಲ್ಲಿ ಹಾಳೆಯ ಕೆಳಗೆ ಬರೆದುಬಿಡಿ.

ಮೂರು ತಿಂಗಳಿಗೊಮ್ಮೆ ಹಾಳೆ ಹೊಸದಾಗಲಿ. ಆಸ್ಪತ್ರೆಯಿಂದ ವಾಪಸ್ ಬಂದವರಿಗೆ ಆ ವಾರವೇ ಹೊಸ ಹಾಳೆ ಬೇಕು, ಅವರ ಮಾಮೂಲು ಬದಲಾಗಿರುತ್ತದೆ.

ಎರಡನೇ ಹೆಜ್ಜೆ: ದಿನದ ಕೆಲಸದೊಳಗೇ ನೋಡಿ

ತಪಾಸಣೆಗೆಂದು ಬೇರೆ ಸಮಯ ಇಟ್ಟರೆ ನಾಲ್ಕು ದಿನ ನಡೆದು ನಿಂತುಹೋಗುತ್ತದೆ. ಎಬ್ಬಿಸುವುದು, ಸ್ನಾನ, ಊಟ, ನಡಿಗೆ ಹೇಗೂ ಇವೆ. ನೋಟವನ್ನು ಅವುಗಳೊಳಗೇ ಸೇರಿಸಿ.

ಎಬ್ಬಿಸುವಾಗ: ಮೊದಲ ಕರೆಗೆ ಕಣ್ಣು ಬಿಟ್ಟರೇ? ಎದ್ದು ಕೂರಲು ನಿನ್ನೆಗಿಂತ ಹೆಚ್ಚು ಆಸರೆ ಬೇಕಾಯಿತೇ? ಇದ್ದಕ್ಕಿದ್ದಂತೆ ಎರಡು ಮೂರು ದಿಂಬು ಕೇಳುತ್ತಿದ್ದರೆ, ಅಥವಾ ರಾತ್ರಿ ಕುರ್ಚಿಯಲ್ಲೇ ನಿದ್ದೆ ಮಾಡುತ್ತಿದ್ದರೆ, ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು.

ಸ್ನಾನ ಮಾಡಿಸುವಾಗ ಸಿಗುವಷ್ಟು ಮಾಹಿತಿ ಬೇರೆಲ್ಲೂ ಸಿಗದು. ಬಳೆ ಮೊಣಕೈಯತ್ತ ಜಾರುತ್ತಿದೆ, ರವಿಕೆ ಸಡಿಲವಾಗಿದೆ, ಪಂಚೆಯ ಮೇಲಿನ ಬೆಲ್ಟ್ ಇನ್ನೊಂದು ತೂತು ಒಳಗೆ ಹೋಗಿದೆ, ಹಲ್ಲುಸೆಟ್ಟು ಅಲ್ಲಾಡುತ್ತಿದೆ: ಇವೆಲ್ಲ ತೂಕ ಇಳಿದ ಗುರುತು. ಕಾಲುಂಗುರ ಬಿಗಿಯಾಗಿದೆ, ಚಪ್ಪಲಿಯ ಪಟ್ಟಿ ಪಾದದಲ್ಲಿ ಅಚ್ಚೊತ್ತಿದೆ: ಇದು ಊತ. ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಐದು ಸೆಕೆಂಡ್ ಒತ್ತಿ ನೋಡಿ, ಕುಳಿ ಉಳಿದರೆ ಬರೆಯಿರಿ. ಎರಡೂ ಕಾಲಿನ ಊತ ಹೃದಯ, ಮೂತ್ರಪಿಂಡದತ್ತ ಅಥವಾ ಅಮ್ಲೋಡಿಪಿನ್‌ನಂಥ ಬಿಪಿ ಮಾತ್ರೆಯತ್ತ ಬೆರಳು ಮಾಡಬಹುದು. ಒಂದೇ ಕಾಲು ಊದಿ, ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರುವ ಶಂಕೆ. ಉಜ್ಜಬೇಡಿ, ಎಣ್ಣೆ ತಿಕ್ಕಬೇಡಿ, ಅವತ್ತೇ ವೈದ್ಯರಿಗೆ ತೋರಿಸಿ.

ಹಾಸಿಗೆ ಹುಣ್ಣು ಆರಂಭವಾಗುವುದು ಬಾಲಮೂಳೆ, ಹಿಮ್ಮಡಿ, ಸೊಂಟದ ಪಕ್ಕ, ಭುಜದ ಹಿಂಬದಿಯಲ್ಲಿ. ಆಕ್ಸಿಜನ್ ಕೊಳವೆ ಹಾಕಿದವರಿಗೆ ಕಿವಿಯ ಹಿಂದೆಯೂ. ಬಣ್ಣ ಬದಲಾದ ಜಾಗವನ್ನು ಮೂರು ಸೆಕೆಂಡ್ ಒತ್ತಿ ಬಿಡಿ. ಬಿಳಿಚಿ ಮತ್ತೆ ಬಣ್ಣ ಬಂದರೆ ಒತ್ತಡ ತಪ್ಪಿಸಿದರೆ ಸಾಕು, ಬಣ್ಣ ಹಾಗೇ ನಿಂತಿದ್ದರೆ ಹುಣ್ಣಿನ ಮೊದಲ ಹಂತ. ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಪಕ್ಕದ ಚರ್ಮಕ್ಕಿಂತ ಬಿಸಿಯೋ, ಗಟ್ಟಿಯೋ, ಮೆತ್ತಗಿದೆಯೋ ಎಂದು ಕೈಯಿಂದ ಮುಟ್ಟಿ ತಿಳಿಯಬೇಕು. ಇಲ್ಲಿ ಎರಡು ಹಳೆಯ ರೂಢಿಗಳನ್ನು ಬಿಡಲೇಬೇಕು: ಆ ಜಾಗವನ್ನು ಪೌಡರ್ ಹಾಕಿ ಉಜ್ಜುವುದು, ಮತ್ತು ಗಾಳಿ ತುಂಬಿದ ರಬ್ಬರ್ ರಿಂಗಿನ ಮೇಲೆ ಕೂರಿಸುವುದು. ರಿಂಗು ನಡುವಿನ ಒತ್ತಡ ತಪ್ಪಿಸಿದರೂ ಸುತ್ತಲಿನ ರಕ್ತಸಂಚಾರ ತಡೆಯುತ್ತದೆ.

ಊಟದ ಹೊತ್ತು: ತಟ್ಟೆಯಲ್ಲಿ ಎಷ್ಟು ಉಳಿಯಿತು ಎಂಬುದನ್ನು ಪೂರ್ತಿ, ಮುಕ್ಕಾಲು, ಅರ್ಧ, ಕಾಲು ಎಂದು ಬರೆದರೆ ಸಾಕು. ಸತತ ಎರಡು ಊಟ ಅರ್ಧಕ್ಕಿಂತ ಕಡಿಮೆಯಾದರೆ ನರ್ಸ್‌ಗೆ ತಿಳಿಸಿ, ಬಾಯಿ ತೆರೆಸಿ ನೋಡಿ. ಒಸಡಿನ ಹುಣ್ಣು, ನಾಲಿಗೆ ಮೇಲೆ ಬಿಳಿ ಪದರ, ಹಲ್ಲುಸೆಟ್ಟು ಕೊರೆದ ಗಾಯ ಇದ್ದರೆ ‘ಊಟ ಸೇರ್ತಿಲ್ಲ’ ಎನ್ನುತ್ತಾರೆಯೇ ಹೊರತು ಬಾಯಿ ನೋಯುತ್ತಿದೆ ಎನ್ನುವುದಿಲ್ಲ.

ನುಂಗುವುದರಲ್ಲಿ ತೊಡಕಿದ್ದರೆ ನೀರು ಕುಡಿದಾಗ ಕೆಮ್ಮು ಬರುತ್ತದೆ, ಊಟದ ಬಳಿಕ ದನಿ ಗೊರಗೊರ ಎನ್ನುತ್ತದೆ, ಕೆನ್ನೆಯಲ್ಲಿ ಅನ್ನ ಉಳಿಯುತ್ತದೆ, ಊಟಕ್ಕೆ ಮೊದಲಿಗಿಂತ ಎರಡು ಪಟ್ಟು ಹೊತ್ತು ಹಿಡಿಯುತ್ತದೆ. ತಿಳಿಸಾರು ಕಲೆಸಿದ ಅನ್ನ ಸುಲಭ ಎಂದು ನಾವು ಅಂದುಕೊಂಡಿರುತ್ತೇವೆ. ವಾಸ್ತವದಲ್ಲಿ ಗಟ್ಟಿಯೂ ನೀರೂ ಬೆರೆತದ್ದನ್ನು ನುಂಗುವುದೇ ಹೆಚ್ಚು ಕಷ್ಟ, ಸಾರು ಮೊದಲು ಗಂಟಲಿಗೆ ಜಾರಿ ಶ್ವಾಸನಾಳಕ್ಕೆ ಹೋಗುತ್ತದೆ. ನೆಟ್ಟಗೆ ಕೂರಿಸಿ ತಿನ್ನಿಸಿ, ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ, ನುಂಗುವಿಕೆಯ ಪರೀಕ್ಷೆಗೆ ಬರೆಸಿಕೊಳ್ಳಿ.

ನೀರಿನ ಲೆಕ್ಕ ಯಾವಾಗಲೂ ಜಾಸ್ತಿಯಾಗಿಯೇ ಅಂದಾಜಾಗುತ್ತದೆ. ಕೊಟ್ಟದ್ದನ್ನು ಬರೆಯುತ್ತಾರೆ, ಕುಡಿದದ್ದನ್ನಲ್ಲ. ಆಶ್ರಮದ ಲೋಟಕ್ಕೆ ಎಷ್ಟು ಮಿಲಿಲೀಟರ್ ಹಿಡಿಯುತ್ತದೆ ಎಂದು ಒಮ್ಮೆ ಅಳೆದು ಗೋಡೆಗೆ ಬರೆಯಿರಿ. ವೈದ್ಯರು ನೀರು ಮಿತಗೊಳಿಸದ ಹಿರಿಯರಲ್ಲಿ ಹೆಂಗಸರಿಗೆ ದಿನಕ್ಕೆ ಸುಮಾರು 1.6 ಲೀಟರ್, ಗಂಡಸರಿಗೆ 2 ಲೀಟರ್ ದ್ರವ ಬೇಕು. ಕಾಫಿ, ಮಜ್ಜಿಗೆ, ಅಂಬಲಿ, ಸಾರು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮುಂಗೈ ಚರ್ಮ ಚಿವುಟಿ ನೋಡುವ ಪರೀಕ್ಷೆ ವಯಸ್ಸಾದವರಲ್ಲಿ ನಂಬಿಕೆಗೆ ಯೋಗ್ಯವಲ್ಲ, ಅವರ ಚರ್ಮ ಹೇಗೂ ಸಡಿಲ. ಕುಡಿದ ಲೆಕ್ಕ ಇಳಿದದ್ದು, ಮೂತ್ರ ಕಡಿಮೆಯಾದದ್ದು, ನಿಂತಾಗ ತಲೆ ಸುತ್ತುವುದು ಹೆಚ್ಚು ನಂಬಬಹುದಾದ ಸೂಚನೆಗಳು. ಅನೇಕರು ಬೇಕೆಂದೇ ನೀರು ಬಿಡುತ್ತಾರೆ, ರಾತ್ರಿ ಏಳಬೇಕಲ್ಲ ಎಂದು. ಅಲ್ಲಿ ‘ನೀರು ಕುಡೀರಿ’ ಎಂಬ ಉಪದೇಶಕ್ಕಿಂತ ಹಾಸಿಗೆ ಪಕ್ಕ ಒಂದು ಕಮೋಡ್ ಕುರ್ಚಿ ಇಡುವುದು ಲೇಸು.

ಡೈಪರ್ ಹಾಕಿದವರ ಮೂತ್ರದ ಅಳತೆಗೆ ಬೇರೆಯೇ ಒಂದು ತಕ್ಕಡಿ ಇಟ್ಟುಕೊಂಡು, ಒದ್ದೆ ಡೈಪರಿನ ತೂಕದಿಂದ ಒಣ ಡೈಪರಿನ ತೂಕ ಕಳೆಯಿರಿ. ಒಂದು ಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಮಿಲಿಲೀಟರ್. ಮೂತ್ರ ವಾಸನೆ ಬಂತು, ಕಲಕಿದಂತಿದೆ ಎಂಬುದಷ್ಟರಿಂದಲೇ ಆ್ಯಂಟಿಬಯೋಟಿಕ್ ಶುರು ಮಾಡಿಸಬೇಡಿ. ತೊಂದರೆಯೇ ಇಲ್ಲದ ಎಷ್ಟೋ ಹಿರಿಯರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುತ್ತದೆ, ಅದಕ್ಕೆ ಔಷಧಿ ಬೇಡ. ಉರಿ, ಜ್ವರ, ಪದೇಪದೇ ಹೋಗುವ ಅವಸರ, ಪಕ್ಕೆ ನೋವು ಜೊತೆಗಿದ್ದರೆ ಮಾತು ಬೇರೆ.

ಮಲ ಮೂರು ದಿನ ಆಗದಿದ್ದರೆ ತಿಳಿಸಿ. ಗಟ್ಟಿ ಮಲ ಕಟ್ಟಿಕೊಂಡಾಗ ಅದರ ಪಕ್ಕದಿಂದ ನೀರಾಗಿ ಸೋರುವುದುಂಟು. ಅದನ್ನು ಭೇದಿ ಎಂದು ತಿಳಿದು ನಿಲ್ಲಿಸುವ ಮಾತ್ರೆ ಕೊಟ್ಟರೆ ಅನಾಹುತ. ಕಪ್ಪಗೆ ಟಾರಿನಂತೆ ಬಂದರೆ ಹೊಟ್ಟೆಯಲ್ಲಿ ರಕ್ತಸ್ರಾವ ಇರಬಹುದು. ಕಬ್ಬಿಣದ ಮಾತ್ರೆಯಿಂದಲೂ ಬಣ್ಣ ಕಪ್ಪಾಗುತ್ತದೆ, ಆದರೆ ಆ ನಿರ್ಧಾರ ವೈದ್ಯರಿಗೆ ಬಿಡಿ.

ದಿಢೀರ್ ಗೊಂದಲ

ಇದಕ್ಕೆ ಹೆಚ್ಚು ಜಾಗ ಕೊಡಬೇಕು, ಏಕೆಂದರೆ ಅತಿ ಹೆಚ್ಚು ತಪ್ಪಿಹೋಗುವುದು ಇದೇ. ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಬುದ್ಧಿ ಮಂಕಾಗುವುದನ್ನು ವೈದ್ಯರು ಡೆಲಿರಿಯಂ ಎನ್ನುತ್ತಾರೆ. ಕೂಗಾಡಿ, ಹೊಡೆದು, ಗೋಡೆಯ ಮೇಲೆ ಹುಳು ಇದೆ ಎನ್ನುವವರನ್ನು ಎಲ್ಲರೂ ಗಮನಿಸುತ್ತಾರೆ. ಆದರೆ ಇದರ ಇನ್ನೊಂದು ರೂಪ ತೆಪ್ಪಗಿರುತ್ತದೆ. ನಿದ್ದೆಗಣ್ಣು, ಕೇಳಿದ್ದಕ್ಕೆ ತಡವಾಗಿ ಒಂದೇ ಪದದ ಉತ್ತರ, ಬಾಯಲ್ಲಿ ತುತ್ತು ಇಟ್ಟುಕೊಂಡೇ ಕೂರುವುದು. ‘ಇವತ್ತು ಅಜ್ಜಿ ಎಷ್ಟು ಸಾಧು’ ಎಂದು ಪಾಳಿ ಮುಗಿಸುವವರು ಖುಷಿಯಿಂದ ಬರೆದುಹೋದ ದಿನವೇ ಎಚ್ಚರ ಬೇಕು.

ಪರೀಕ್ಷೆ ಸರಳ. ವಾರದ ದಿನಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಲು ಕೇಳಿ. ಓದು ಬಂದವರಾದರೆ ಡಿಸೆಂಬರಿನಿಂದ ತಿಂಗಳುಗಳನ್ನು ಹಿಂದಕ್ಕೆ. ಉತ್ತರ ಸರಿಯೋ ತಪ್ಪೋ ಎಂಬುದಕ್ಕಿಂತ, ಹೋದ ವಾರ ಹೇಳುತ್ತಿದ್ದವರು ಇವತ್ತು ನಡುವೆ ಎಳೆ ಕಳೆದುಕೊಂಡರೇ ಎಂಬುದು ಮುಖ್ಯ. ಮೊದಲೇ ಮರೆವಿನ ಕಾಯಿಲೆ ಇರುವವರಲ್ಲೂ ದಿಢೀರ್ ಇಳಿತ ಬೇರೆ ಸಮಸ್ಯೆಯೇ. ‘ಡಿಮೆನ್ಷಿಯಾ ಜಾಸ್ತಿಯಾಗಿದೆ’ ಎಂದು ಬಿಡಬೇಡಿ.

ಡೆಲಿರಿಯಂ ಏರಿಳಿಯುತ್ತದೆ. ರಾತ್ರಿ ಗುರುತೇ ಸಿಗದವರು ಬೆಳಿಗ್ಗೆ ಡಾಕ್ಟರ್ ಬಂದಾಗ ‘ನಮಸ್ಕಾರ ಡಾಕ್ಟ್ರೇ, ಚೆನ್ನಾಗಿದ್ದೀರಾ’ ಎನ್ನಬಹುದು. ಆದ್ದರಿಂದ ಗಂಟೆಯ ಸಮೇತ ಬರೆದಿಡಿ. ಮನೆಯವರ ಒಪ್ಪಿಗೆ ಇದ್ದರೆ ಅರ್ಧ ನಿಮಿಷದ ವಿಡಿಯೊ ತೆಗೆದು ವೈದ್ಯರಿಗೆ ಮಾತ್ರ ತೋರಿಸಿ, ಬಳಿಕ ಅಳಿಸಿ.

ವೈದ್ಯರಿಗೆ ಕರೆ ಮಾಡುವ ಮೊದಲು ಹತ್ತು ನಿಮಿಷದಲ್ಲಿ ನೋಡಿಕೊಳ್ಳಬೇಕಾದ್ದು ಇಷ್ಟು: ಶ್ರವಣಯಂತ್ರದ ಬ್ಯಾಟರಿ ಮುಗಿದಿದೆಯೇ, ಕನ್ನಡಕ ಅವರದ್ದೇ ಹೌದೇ (ಪಕ್ಕದ ಹಾಸಿಗೆಯವರದ್ದು ಬಂದಿರುತ್ತದೆ). ಸಕ್ಕರೆ ಮಟ್ಟ, ಆಕ್ಸಿಜನ್, ಉಷ್ಣತೆ. ಕೊನೆಯ ಸಲ ಮೂತ್ರ ಯಾವಾಗ, ಕಿಬ್ಬೊಟ್ಟೆ ಗಟ್ಟಿಯಾಗಿ ಉಬ್ಬಿದೆಯೇ. ಮಲ ಯಾವಾಗ. ಎಲ್ಲಾದರೂ ಬಿದ್ದಿದ್ದರೇ. ಈ ವಾರ ಯಾವ ಮಾತ್ರೆ ಸೇರಿತು, ಯಾವುದು ನಿಂತಿತು. ಹೈಡ್ರೋಕ್ಲೋರೋಥಯಾಜೈಡ್‌ನಂಥ ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ತಿನ್ನುವವರಲ್ಲಿ ರಕ್ತದ ಸೋಡಿಯಂ ಇಳಿದು ಹೀಗೇ ಮಂಕು ಕವಿಯುತ್ತದೆ. ಅದು ರಕ್ತಪರೀಕ್ಷೆಯಿಂದ ಮಾತ್ರ ಗೊತ್ತಾಗುವಂಥದ್ದು, ಕೇಳಿ ಬರೆಸಿಕೊಳ್ಳಿ.

ಮಾತು ನಿಂತವರ ನೋವನ್ನು ಮುಖದಲ್ಲಿ, ಮೈಯಲ್ಲಿ ಓದಬೇಕು. ಹುಬ್ಬು ಗಂಟು, ನರಳಿಕೆ, ಮುಷ್ಟಿ ಬಿಗಿತ, ಮುಟ್ಟಿದರೆ ತಳ್ಳುವುದು, ಸಮಾಧಾನ ಮಾಡಿದರೂ ನಿಲ್ಲದ ಚಡಪಡಿಕೆ. ಕೈ ತಳ್ಳಿದವರನ್ನು ‘ಹಠ’ ಎಂದು ಬರೆಯುವ ಮುಂಚೆ ಯಾವ ಕಡೆ ತಿರುಗಿಸಿದಾಗ ತಳ್ಳಿದರು ಎಂದು ನೋಡಿ.

ಮೂರನೇ ಹೆಜ್ಜೆ: ಅಳತೆ ಸರಿಯಾಗಿರಲಿ

ರಿಜಿಸ್ಟರಿನಲ್ಲಿ ಇಪ್ಪತ್ತು ಜನರ ಬಿಪಿಯೂ 130/80, ಉಸಿರು ಎಲ್ಲರದ್ದೂ 18 ಎಂದಿದ್ದರೆ ಅದು ಅಳೆದದ್ದಲ್ಲ, ಬರೆದದ್ದು. ಇಂಥ ರಿಜಿಸ್ಟರಿಗಿಂತ ಖಾಲಿ ಹಾಳೆ ವಾಸಿ.

ಉಸಿರಾಟದ ಎಣಿಕೆಯೇ ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಟ್ಟ ಅಳತೆ, ಸೋಂಕಿನಲ್ಲಿ ಮೊದಲು ಏರುವುದರಲ್ಲಿ ಅದೂ ಒಂದು. ಎಣಿಸುತ್ತಿದ್ದೇನೆ ಎಂದು ಹೇಳಿದರೆ ಅವರ ಉಸಿರಿನ ಲಯ ಬದಲಾಗುತ್ತದೆ. ನಾಡಿ ಹಿಡಿದಂತೆ ಮಣಿಕಟ್ಟು ಹಿಡಿದುಕೊಂಡು ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿ. 12ರಿಂದ 20 ಸಹಜ. 21ರಿಂದ 24 ಇದ್ದರೆ ಅರ್ಧ ಗಂಟೆಯಲ್ಲಿ ಮತ್ತೆ ಎಣಿಸಿ, ವೈದ್ಯರಿಗೆ ತಿಳಿಸಿ. 25 ಮತ್ತು ಮೇಲಾದರೆ ಕಾಯಬೇಡಿ.

ಉಷ್ಣತೆಯಲ್ಲಿ ನೂರಾ ಒಂದು ಬರಲಿ ಎಂದು ಕಾಯುವುದು ತಪ್ಪು. ವಯಸ್ಸಾದವರ ಮೈ ಅಷ್ಟು ಸುಲಭಕ್ಕೆ ಕಾಯುವುದಿಲ್ಲ. ಬಾಯಲ್ಲಿಟ್ಟು ತೆಗೆದದ್ದು ಒಮ್ಮೆ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಪದೇಪದೇ 99 ದಾಟುತ್ತಿದ್ದರೆ, ಅಥವಾ ಅವರ ಮಾಮೂಲಿಗಿಂತ 2 ಡಿಗ್ರಿ ಏರಿದರೆ ಜ್ವರವೆಂದೇ ಎಣಿಸಿ. ಕಂಕುಳಲ್ಲಿಟ್ಟರೆ ಇದಕ್ಕಿಂತ ಕಡಿಮೆ ತೋರಿಸುತ್ತದೆ. ಮಂಡಿನೋವಿಗೆ ದಿನಾ ಪ್ಯಾರಸಿಟಮಾಲ್ ನುಂಗುವವರಲ್ಲಿ ಜ್ವರ ಮುಚ್ಚಿಹೋಗುತ್ತದೆ. ಸೋಂಕಿನ ಶಂಕೆ ಇದ್ದು ಉಷ್ಣತೆ 95ಕ್ಕೆ ಇಳಿದರೆ ಅದೂ ಜ್ವರದಷ್ಟೇ ಅಪಾಯ.

ಆಕ್ಸಿಮೀಟರಿಗೆ ತಣ್ಣಗಿನ ಬೆರಳು, ನೇಲ್ ಪಾಲಿಶ್, ದಟ್ಟ ಮೆಹಂದಿ ಆಗದು. ಕೈ ಬೆಚ್ಚಗೆ ಮಾಡಿ, ಅಂಕಿ ಒಂದು ನಿಮಿಷ ನೆಲೆ ನಿಂತ ಮೇಲೆ ಓದಿ. 92ಕ್ಕಿಂತ ಕೆಳಗಿದ್ದರೆ ತುರ್ತು. ಹಳೆಯ ಶ್ವಾಸಕೋಶದ ಕಾಯಿಲೆಯವರಿಗೆ 88ರಿಂದ 92 ಮಾಮೂಲಾಗಿರಬಹುದು, ಅವರ ಗಡಿಯನ್ನು ವೈದ್ಯರಿಂದ ಮೊದಲೇ ಬರೆಸಿಟ್ಟಿರಿ.

ಬಿಪಿಗೆ ಮುಂಚೆ ಐದು ನಿಮಿಷ ಸುಮ್ಮನೆ ಕೂರಿಸಿ, ತೋಳು ಎದೆಯ ಮಟ್ಟದಲ್ಲಿರಲಿ, ಪಟ್ಟಿ ಬರಿ ತೋಳಿಗೆ ಸುತ್ತಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಅಂಕಿ ಹೆಚ್ಚು ಬರುತ್ತದೆ, ಸಣಕಲು ತೋಳಿಗೆ ದೊಡ್ಡದು ಸುತ್ತಿದರೆ ಕಡಿಮೆ. ಯಾವಾಗಲೂ 160 ಇರುವವರಿಗೆ ಇವತ್ತು 110 ಬಂದರೆ ‘ನಾರ್ಮಲ್ ಆಯ್ತು’ ಎಂದು ಸಂತೋಷಪಡಬೇಡಿ, ಅವರ ಮಟ್ಟಿಗೆ ಅದು ಕುಸಿತ. ತಲೆಸುತ್ತು, ಬೀಳುವಿಕೆ ಇರುವವರಿಗೆ ಐದು ನಿಮಿಷ ಮಲಗಿಸಿ ಒಮ್ಮೆ, ನಿಲ್ಲಿಸಿದ ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಒಮ್ಮೊಮ್ಮೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಮಾತ್ರೆಗಳ ಮರುಪರಿಶೀಲನೆ ಬೇಕು. ನಾಡಿಯ ವೇಗ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತಿನ್ನುವವರಲ್ಲಿ ಎಷ್ಟೇ ಕಾಯಿಲೆಯಾದರೂ ನಾಡಿ ಏರದಿರಬಹುದು, 72 ಇದೆ ಎಂದು ನೆಮ್ಮದಿಯಾಗುವಂತಿಲ್ಲ.

ತೂಕ ತಿಂಗಳಿಗೊಮ್ಮೆ, ಅದೇ ತಕ್ಕಡಿಯಲ್ಲಿ, ಗಟ್ಟಿ ನೆಲದ ಮೇಲೆ, ಬೆಳಿಗ್ಗೆ ಮೂತ್ರವಾದ ಮೇಲೆ ತಿಂಡಿಗೆ ಮುಂಚೆ. ತಿಂಗಳಲ್ಲಿ ನೂರಕ್ಕೆ 5ರಷ್ಟು, ಆರು ತಿಂಗಳಲ್ಲಿ 10ರಷ್ಟು ಇಳಿದರೆ ಕಾರಣ ಹುಡುಕಲೇಬೇಕು. 50 ಕೆಜಿಯವರಿಗೆ ತಿಂಗಳಿಗೆ ಎರಡೂವರೆ ಕೆಜಿ. ಹೃದಯ ವೈಫಲ್ಯದವರಿಗೆ ಮಾತ್ರ ದಿನಾ ತೂಕ ನೋಡಿ. ಮೂರು ದಿನದಲ್ಲಿ 2 ಕೆಜಿ ಏರಿದರೆ ಅದು ಮೈಗೆ ಹತ್ತಿದ್ದಲ್ಲ, ನೀರು.

ಗ್ಲೂಕೋಮೀಟರಿಗೆ ಬೆರಳು ತೊಳೆದು ಒರೆಸಿರಬೇಕು. ಬಾಳೆಹಣ್ಣು ಸುಲಿದ ಕೈಯಲ್ಲಿ ಚುಚ್ಚಿದರೆ ಇಲ್ಲದ ಸಕ್ಕರೆ ತೋರಿಸುತ್ತದೆ. ಮಳೆಗಾಲದಲ್ಲಿ ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವಕ್ಕೆ ಕೆಡುತ್ತವೆ.

ಮಾತ್ರೆ ಮತ್ತು ಉಪವಾಸ

ಹೊಸ ಲಕ್ಷಣ ಕಂಡರೆ ಮೊದಲು ಹೊಸ ಮಾತ್ರೆ ನೋಡಿ. ನೆಗಡಿ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್ ಮಂಪರು ತರುತ್ತದೆ, ವಯಸ್ಸಾದ ಗಂಡಸರಿಗೆ ಮೂತ್ರ ಕಟ್ಟಿಸುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಹೊಟ್ಟೆಗೂ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತವೆ. ಮಕ್ಕಳು ಬಂದಾಗ ಪ್ರೀತಿಯಿಂದ ಕೊಟ್ಟುಹೋಗುವ ಮಾತ್ರೆ ಚೀಟಿಗಳನ್ನು ನಯವಾಗಿ ಕೇಳಿ ಪಡೆಯಿರಿ.

ಏಕಾದಶಿ, ಸಂಕಷ್ಟಿ, ರಂಜಾನ್ ದಿನಗಳನ್ನು ಔಷಧಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಎಂದಿನಂತೆ ಕೊಟ್ಟು ಊಟ ಮಾತ್ರ ಬಿಟ್ಟರೆ ಸಕ್ಕರೆ ಕುಸಿಯುತ್ತದೆ. ಉಪವಾಸ ಬಿಡಿ ಎಂದರೆ ಕೇಳುವವರು ಕಡಿಮೆ, ಆದ್ದರಿಂದ ಆ ದಿನಕ್ಕೆ ಮಾತ್ರೆಯ ಪ್ರಮಾಣವನ್ನು ವೈದ್ಯರಿಂದ ಮೊದಲೇ ಬರೆಸಿಕೊಳ್ಳಿ. ಬೆವರು, ನಡುಕ ಇಲ್ಲದೆ ಬರೀ ತೊದಲು, ಸಿಡುಕು, ನಿದ್ದೆಯಾಗಿಯೂ ಸಕ್ಕರೆ ಕುಸಿತ ಕಾಣಿಸಬಹುದು. ಸಕ್ಕರೆ ಮಟ್ಟ 70ಕ್ಕಿಂತ ಕೆಳಗಿದ್ದು, ಎಚ್ಚರವಿದ್ದು ನುಂಗಬಲ್ಲವರಾದರೆ 15 ಗ್ರಾಂ ಗ್ಲೂಕೋಸ್ ಪುಡಿ, ಎಂದರೆ ಸುಮಾರು ಮೂರು ಟೀ ಚಮಚ, ನೀರಲ್ಲಿ ಕದಡಿ ಕೊಡಿ. 15 ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ವೋಗ್ಲಿಬೋಸ್, ಅಕಾರ್ಬೋಸ್ ತಿನ್ನುವವರಿಗೆ ಅಡುಗೆಮನೆ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಆ ಮಾತ್ರೆ ಸಕ್ಕರೆ ಒಡೆಯುವುದನ್ನೇ ತಡೆಯುತ್ತದೆ. ಗ್ಲೂಕೋಸೇ ಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ.

ಬಿದ್ದಾಗ

ಬಿದ್ದವರನ್ನು ಕಂಡ ಕೂಡಲೇ ಕಂಕುಳಿಗೆ ಕೈ ಹಾಕಿ ಎತ್ತುವುದೇ ಮೊದಲ ತಪ್ಪು. ಎಚ್ಚರ, ಉಸಿರು, ರಕ್ತಸ್ರಾವ, ಕುತ್ತಿಗೆ ನೋವು ನೋಡಿ. ಒಂದು ಕಾಲು ಗಿಡ್ಡವಾಗಿ ಪಾದ ಹೊರಗೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು, ಇದ್ದಲ್ಲೇ ಇರಿಸಿ ಆಂಬುಲೆನ್ಸ್ ಕರೆಯಿರಿ. ವಾರ್ಫರಿನ್, ಎಪಿಕ್ಸಾಬಾನ್, ಕ್ಲೋಪಿಡೊಗ್ರೆಲ್‌ನಂಥ ರಕ್ತ ತೆಳು ಮಾಡುವ ಮಾತ್ರೆಯವರ ತಲೆಗೆ ಪೆಟ್ಟು ಬಿದ್ದರೆ, ಹೊರಗೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ತಲೆಬುರುಡೆಯೊಳಗೆ ನಿಧಾನ ಜಿನುಗುವ ರಕ್ತ ವಾರಗಳ ನಂತರವೂ ತಲೆನೋವು, ಮಂಕು, ಒಂದು ಬದಿಯ ಬಲಹೀನತೆಯಾಗಿ ಕಾಣಬಹುದು. ಬಿದ್ದ ತಾರೀಖು ಮಾಮೂಲು ಹಾಳೆಯಲ್ಲಿ ಕೆಂಪು ಅಕ್ಷರದಲ್ಲಿ ಇರಲಿ. ಬಿದ್ದದ್ದೇ ಕಾಯಿಲೆಯ ಮೊದಲ ಸೂಚನೆಯೂ ಆಗಿರಬಹುದು. ನೆಲ ಒದ್ದೆಯಿತ್ತೇ ಎಂದು ಕೇಳುವಾಗ ಸಕ್ಕರೆ, ಬಿಪಿ, ಸೋಂಕನ್ನೂ ನೋಡಿ.

ನಾಲ್ಕನೇ ಹೆಜ್ಜೆ: ತಿಳಿಸುವ ಕ್ರಮ

ಕಂಡದ್ದು ಹೇಳಬೇಕಾದವರಿಗೆ ತಲುಪದಿದ್ದರೆ ಮೇಲಿನದೆಲ್ಲ ವ್ಯರ್ಥ. ‘ಒಂಥರಾ ಇದಾರೆ’ ಎಂಬ ಮಾತು ಯಾರ ಬಾಯಿಂದ ಬಂದರೂ ಅರ್ಧ ಗಂಟೆಯೊಳಗೆ ಎಲ್ಲ ಅಳತೆ ತೆಗೆಯಬೇಕು ಎಂಬ ನಿಯಮ ಮಾಡಿ. ಹತ್ತರಲ್ಲಿ ಏಳು ಸಲ ಏನೂ ಇರದಿದ್ದರೂ ಹೇಳಿದವರನ್ನು ಗದರಬೇಡಿ. ಒಮ್ಮೆ ಗದರಿಸಿಕೊಂಡ ಆಯಾ ಮುಂದಿನ ಸಲ ಬಾಯಿ ಬಿಡುವುದಿಲ್ಲ.

ವೈದ್ಯರಿಗೆ ‘ಅಜ್ಜಿಗೆ ಹುಷಾರಿಲ್ಲ ಸರ್’ ಎಂದರೆ ಪ್ಯಾರಸಿಟಮಾಲ್ ಕೊಡಿ ಎಂಬ ಉತ್ತರವೇ ಬರುತ್ತದೆ. ಹೀಗೆ ಕಳಿಸಿ:

‘ಕೊಠಡಿ 12, 84 ವರ್ಷ, ಸಕ್ಕರೆ ಕಾಯಿಲೆ, ಬಿಪಿ ಇದೆ. ಮಾಮೂಲಾಗಿ ಕೋಲು ಹಿಡಿದು ತಾವೇ ಹಾಲ್‌ಗೆ ಬರುತ್ತಾರೆ. ನಿನ್ನೆ ಸಂಜೆಯಿಂದ ಇಬ್ಬರು ಹಿಡಿಯಬೇಕಾಗಿದೆ, ಎರಡು ಊಟ ಕಾಲು ಭಾಗ ಮಾತ್ರ, ವಾರದ ದಿನ ಹಿಂದಕ್ಕೆ ಹೇಳಲು ಆಗುತ್ತಿಲ್ಲ. ಈಗ ಬೆಳಿಗ್ಗೆ 7ಕ್ಕೆ ಉಸಿರು 26, ಆಕ್ಸಿಜನ್ 91, ನಾಡಿ 104, ಬಿಪಿ 108/60 (ಮಾಮೂಲು 145/80), ಉಷ್ಣತೆ 99.4, ಸಕ್ಕರೆ 168. ಹೊಸ ಮಾತ್ರೆ ಇಲ್ಲ. ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇವೆ, ಬೇರೆ ಸೂಚನೆ ಇದೆಯೇ?’

ಕೊನೆಯ ಪ್ರಶ್ನೆ ಬಿಡಬೇಡಿ. ಏನು ಬೇಕೆಂದು ಕೇಳದ ಸಂದೇಶಕ್ಕೆ ಹೆಬ್ಬೆರಳಿನ ಚಿತ್ರವಷ್ಟೇ ಉತ್ತರವಾಗಿ ಬರುತ್ತದೆ.

ಫೋನಿಗಾಗಿ ಕಾಯಬಾರದ ಹೊತ್ತು

ಮುಖ ಸೊಟ್ಟಗಾದರೆ, ಒಂದು ಕೈ ಕೆಳಗೆ ಜಾರಿದರೆ, ಮಾತು ತೊದಲಿದರೆ, ದಿಢೀರನೆ ದೃಷ್ಟಿ ಅಥವಾ ಸಮತೋಲನ ಹೋದರೆ ಪಾರ್ಶ್ವವಾಯು ಎಂದೇ ತಿಳಿದು 108ಕ್ಕೆ ಕರೆ ಮಾಡಿ. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು. ಹೆಪ್ಪು ಕರಗಿಸುವ ಔಷಧಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು, ಅದು ಲೆಕ್ಕವಾಗುವುದು ‘ಕೊನೆಯ ಸಲ ಸರಿಯಾಗಿದ್ದದ್ದು ಯಾವಾಗ’ ಎಂಬಲ್ಲಿಂದ. ಬಿಪಿ ಜಾಸ್ತಿ ಇದೆ ಎಂದು ನಾಲಿಗೆ ಕೆಳಗೆ ಮಾತ್ರೆ ಇಡಬೇಡಿ, ಆಸ್ಪಿರಿನ್ ಕೊಡಬೇಡಿ, ನೀರನ್ನೂ ಕುಡಿಸಬೇಡಿ.

ಎದೆ, ದವಡೆ, ಎಡತೋಳು, ಹೊಟ್ಟೆಯ ಮೇಲ್ಭಾಗ ಎಲ್ಲೇ ಹೊಸ ನೋವು ಅಥವಾ ಒತ್ತಡ ಬೆವರಿನ ಜೊತೆ ಬಂದರೆ ‘ಗ್ಯಾಸ್ಟ್ರಿಕ್’ ಎಂದು ಜೀರಿಗೆ ಕಷಾಯ ಕೊಟ್ಟು ಕಾಯುವ ಅಭ್ಯಾಸ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಗ್ಯಾಸೋ ಹೃದಯವೋ ಎಂದು ಹೇಳುವುದು ಇಸಿಜಿಯ ಕೆಲಸ. ರಾಜ್ಯ ಸರ್ಕಾರ 2023ರಲ್ಲಿ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ, ಅಗತ್ಯ ಬಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದು ಉಚಿತವಾಗಿ ಸಿಗುತ್ತದೆ. ನಿಮ್ಮ ಹತ್ತಿರದ ಆಸ್ಪತ್ರೆ ಅದರಲ್ಲಿದೆಯೇ ಎಂದು ಇವತ್ತೇ ವಿಚಾರಿಸಿ ಗೋಡೆಗೆ ಬರೆದಿಡಿ.

ಎಬ್ಬಿಸಿದರೂ ಏಳದಿರುವುದು, ಮೇಲಿನ ಬಿಪಿ 90 ಅಥವಾ ಅದಕ್ಕಿಂತ ಕೆಳಗೆ, ನಾಡಿ 40 ಅಥವಾ ಕೆಳಗೆ ಇಲ್ಲವೇ 130ರ ಮೇಲೆ, ಕಪ್ಪು ಮಲ, ರಕ್ತ ವಾಂತಿ, ಫಿಟ್ಸ್, ಹೊಟ್ಟೆ ಉಬ್ಬಿ ಎಂಟು ಗಂಟೆಯಿಂದ ಮೂತ್ರವಿಲ್ಲದಿರುವುದು: ಇವೂ ಇದೇ ಸಾಲಿಗೆ.

ದೂರದಲ್ಲಿರುವ ಮಕ್ಕಳಿಗೆ

ಕ್ಯಾಲಿಫೋರ್ನಿಯಾದಿಂದಲೋ ದುಬೈನಿಂದಲೋ ಭಾನುವಾರ ಕರೆ ಮಾಡಿ ‘ಅಮ್ಮಾ, ಹುಷಾರಾಗಿದ್ದೀಯಾ?’ ಎಂದರೆ ‘ಹೂಂ ಕಣಪ್ಪಾ, ನೀವು ಹೇಗಿದ್ದೀರಿ’ ಎಂಬುದೇ ಉತ್ತರ, ಮೈಯಲ್ಲಿ ಏನೇ ಇದ್ದರೂ. ಬದಲಿಗೆ ಬೆಳಿಗ್ಗೆ ಏನು ತಿಂಡಿ, ಪಕ್ಕದ ರೂಮಿನವರು ಹೇಗಿದ್ದಾರೆ, ಹೋದ ವಾರ ಯಾರು ಬಂದಿದ್ದರು ಎಂದು ಕೇಳಿ. ವಿಡಿಯೊದಲ್ಲಿ ಒಂದು ವಾಕ್ಯ ಮುಗಿಸುವಷ್ಟರಲ್ಲಿ ಏದುಸಿರು ಬರುತ್ತದೆಯೇ, ತಲೆ ಬಾಚಿದೆಯೇ, ಕುಂಕುಮ ಎಂದಿನಂತಿದೆಯೇ ನೋಡಿ. ಫೋನ್ ಹಿಡಿದು ಕಿಟಕಿಯವರೆಗೆ ನಡೆದು ಅಂಗಳ ತೋರಿಸಲು ಆಯಾಗೆ ಹೇಳುವ ಬದಲು ಅಮ್ಮನಿಗೇ ಹೇಳಿ, ಆಯಾ ಪಕ್ಕದಲ್ಲಿರಲಿ. ನಡಿಗೆ ಅಲ್ಲೇ ಗೊತ್ತಾಗುತ್ತದೆ.

ಎರಡು ವಾರ ದಾಟಿದ ಮಂಕು, ಭಜನೆಗೂ ಧಾರಾವಾಹಿಗೂ ಬಾರದಿರುವುದು, ಅದರಲ್ಲೂ ಜೊತೆಯವರು ತೀರಿಕೊಂಡ ಮೇಲೆ, ಖಿನ್ನತೆಯಾಗಿರಬಹುದು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆಶ್ರಮದವರು ಮಾಹಿತಿ ಕೊಡದಿದ್ದರೆ, ನಿರ್ಲಕ್ಷ್ಯದ ಶಂಕೆ ಇದ್ದರೆ ಹಿರಿಯರ ಸಹಾಯವಾಣಿ 14567.

ಆಸ್ಪತ್ರೆ ಚೀಲ

ಪ್ರತಿಯೊಬ್ಬರಿಗೂ ಒಂದು ಚೀಲ ಸಿದ್ಧವಿರಲಿ: ಮಾಮೂಲು ಹಾಳೆಯ ನಕಲು, ಔಷಧಿ ಚೀಟಿ, ಹಳೆಯ ಇಸಿಜಿ, ಔಷಧಿ ಅಲರ್ಜಿಯ ವಿವರ, ಆಧಾರ್ ಮತ್ತು ವಿಮಾ ಕಾರ್ಡುಗಳ ನಕಲು, ಮನೆಯವರ ಎರಡು ನಂಬರ್. ಹಳೆಯ ಇಸಿಜಿ ಇದ್ದರೆ ಹೊಸದರಲ್ಲಿ ಬದಲಾದದ್ದು ಏನೆಂದು ವೈದ್ಯರಿಗೆ ತಕ್ಷಣ ತಿಳಿಯುತ್ತದೆ. ಕನ್ನಡಕ, ಶ್ರವಣಯಂತ್ರ, ಹಲ್ಲುಸೆಟ್ಟಿನ ಡಬ್ಬಿಯನ್ನು ಹೊರಡುವಾಗ ಹಾಕಿಕೊಳ್ಳಿ. ಇವಿಲ್ಲದೆ ಅಪರಿಚಿತ ವಾರ್ಡಿನಲ್ಲಿ ರಾತ್ರಿ ಕಳೆದವರಿಗೆ ಗೊಂದಲ ಹೆಚ್ಚುತ್ತದೆ. ಜೊತೆಗೆ ಹೋಗುವವರು ಅವರನ್ನು ದಿನಾ ನೋಡುವ ಸಿಬ್ಬಂದಿಯೇ ಆಗಿರಲಿ, ಡ್ರೈವರ್ ಮಾತ್ರ ಸಾಲದು.